ಸಂಗಾತಿಯ ಅಮೆರಿಕ ವೀಸಾಗೆ ಇನ್ನೊಬ್ಬರ ಜಾಮೀನು: ಜಾಯಿಂಟ್ ಸ್ಪಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಹೊರಡುತ್ತಾರೆ. ಮದುವೆ ಸರ್ಟಿಫಿಕೇಟ್, ಫೋಟೋ ಎಲ್ಲ ಸರಿ ಇರುತ್ತದೆ. ಸಂಬಳದ ಕಾಲಂ ಬಂದಾಗ ಗಾಡಿ ನಿಲ್ಲುತ್ತದೆ. ಆಗ ನ್ಯೂಜೆರ್ಸಿಯ ಚಿಕ್ಕಪ್ಪ, ಡಲ್ಲಾಸಿನ ಭಾವ, ಹಳೇ ರೂಮ್‌ಮೇಟ್ ಎಲ್ಲರೂ ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ನಾನು ವಕೀಲನಲ್ಲ. ಒಮ್ಮೆ ಗೆಳೆಯನ ಹೆಂಡತಿಗೆ ಜಾಯಿಂಟ್ ಸ್ಪಾನ್ಸರ್ ಆಗಿ ಸಹಿ ಹಾಕಿದವನು ಅಷ್ಟೆ. ಅವತ್ತಿನಿಂದ ಫೋನಿನಲ್ಲಿ, ಪತ್ರದಲ್ಲಿ, ಊಟದ ಪಂಕ್ತಿಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಡಾಲರ್ ಲೆಕ್ಕಗಳೆಲ್ಲ 2025ರವು.

## ಮೊದಲ ಹೆಜ್ಜೆ

ಜಾಯಿಂಟ್ ಸ್ಪಾನ್ಸರ್ ಅಂದ್ರೆ ಏನು? ಸುಮ್ನೆ ಒಂದು ಸಹಿ ತಾನೆ?

ಸುಮ್ನೆ ಸಹಿ ಅಲ್ಲ, ಜಾಮೀನು. ವಲಸೆ ವೀಸಾದಲ್ಲಿ ಬರುವ ಸಂಗಾತಿ ಮುಂದೆ ಸರಕಾರದ ಮೇಲೆ ಹೊರೆಯಾಗುವುದಿಲ್ಲ ಎಂದು ಯಾರಾದರೂ ಬರೆದುಕೊಡಬೇಕು. ಆ ಕಾಗದದ ಹೆಸರು ಅಫಿಡವಿಟ್ ಆಫ್ ಸಪೋರ್ಟ್, ಫಾರ್ಮ್ ಐ-864. ಮೊದಲಿಗೆ ಬರೆದುಕೊಡಬೇಕಾದವರು ಪಿಟಿಷನ್, ಅಂದರೆ ಸಂಗಾತಿಯನ್ನು ಕರೆಸಲು ಅಮೆರಿಕ ಸರಕಾರಕ್ಕೆ ಅರ್ಜಿ, ಹಾಕಿದ ಗಂಡ ಅಥವಾ ಹೆಂಡತಿ. ಅವರ ಆದಾಯ ಸಾಲದಿದ್ದರೆ ಇನ್ನೊಬ್ಬರು ಪ್ರತ್ಯೇಕವಾಗಿ ಅದೇ ಫಾರ್ಮ್ ತುಂಬಿ ಜೊತೆಗೆ ನಿಲ್ಲಬಹುದು. ಅವರೇ ಜಾಯಿಂಟ್ ಸ್ಪಾನ್ಸರ್.

1996ರ ವಲಸೆ ಕಾನೂನಿಗೆ ಮುಂಚೆ ಇಂಥ ಪತ್ರಗಳಿಗೆ ಕೋರ್ಟಿನಲ್ಲಿ ಅಷ್ಟು ಬೆಲೆ ಇರಲಿಲ್ಲ. ಆ ಕಾನೂನು ಇದನ್ನು ಸರಕಾರದ ಜೊತೆಗಿನ ಕರಾರಾಗಿ ಮಾಡಿತು. ಈಗಿನ ಫಾರ್ಮ್ 1997ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಊರಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಹಾಕುವಾಗ ಎಷ್ಟು ಯೋಚಿಸುತ್ತೇವೋ ಇಲ್ಲೂ ಅಷ್ಟೇ ಯೋಚಿಸಬೇಕು.

ಎಷ್ಟು ಸಂಬಳ ಇದ್ರೆ ಸಾಕು?

ಅಮೆರಿಕ ಸರಕಾರ ಪ್ರತಿ ವರ್ಷ ಬಡತನ ರೇಖೆಯ ಪಟ್ಟಿ ಹೊರಡಿಸುತ್ತದೆ. ಅದರ ಶೇಕಡಾ 125ರಷ್ಟು ವಾರ್ಷಿಕ ಆದಾಯ ಬೇಕು. ಇಬ್ಬರ ಮನೆಗೆ 26,437 ಡಾಲರ್, ಮೂವರಿಗೆ 33,312, ನಾಲ್ವರಿಗೆ 40,187, ಐವರಿಗೆ 47,062. ಅಲಾಸ್ಕಾ ಮತ್ತು ಹವಾಯಿಗೆ ಇದಕ್ಕಿಂತ ಜಾಸ್ತಿ. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರು ತಮ್ಮ ಸಂಗಾತಿಯನ್ನು ಕರೆಸುವಾಗ ಶೇಕಡಾ 100 ಇದ್ದರೆ ಸಾಕು.

ಜನ ಎಡವುವುದು ಮೊತ್ತದಲ್ಲಲ್ಲ, ತಲೆ ಎಣಿಕೆಯಲ್ಲಿ. ಜಾಯಿಂಟ್ ಸ್ಪಾನ್ಸರ್ ತನ್ನನ್ನು, ತನ್ನ ಸಂಗಾತಿಯನ್ನು, ತನ್ನ ಮೇಲೆ ಅವಲಂಬಿತರಾದ ಮಕ್ಕಳನ್ನು, ಈಗ ಬರುವ ವ್ಯಕ್ತಿಯನ್ನು ಎಣಿಸಬೇಕು. ಹಿಂದೆ ಯಾರಿಗಾದರೂ ಐ-864 ಬರೆದುಕೊಟ್ಟು ಆ ಹೊಣೆ ಇನ್ನೂ ಮುಗಿಯದಿದ್ದರೆ ಅವರನ್ನೂ ಸೇರಿಸಬೇಕು. ಚಿಕ್ಕಪ್ಪ, ಚಿಕ್ಕಮ್ಮ, ಇಬ್ಬರು ಮಕ್ಕಳು, ನಿಮ್ಮ ಹೆಂಡತಿ ಸೇರಿ ಐದು. ಚಿಕ್ಕಪ್ಪ ಹೋದ ವರ್ಷ ತಮ್ಮ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದರೆ ಆರು, ಅಂದರೆ 53,937 ಡಾಲರ್. ಆ ಅಜ್ಜಿ ಈಗ ಹಾಸನಕ್ಕೆ ಬಂದು ಕೂತಿದ್ದರೂ ಗ್ರೀನ್ ಕಾರ್ಡ್ ಬಿಟ್ಟುಕೊಡುವ ತನಕ ಲೆಕ್ಕದಲ್ಲಿ ಇರುತ್ತಾರೆ.

ನನ್ನದು 18 ಸಾವಿರ ಇದೆ, ಭಾವನದು 30 ಸಾವಿರ. ಎರಡೂ ಕೂಡಿಸಿದ್ರೆ ಆಯ್ತಲ್ಲ?

ಆಗುವುದಿಲ್ಲ. ಜಾಯಿಂಟ್ ಸ್ಪಾನ್ಸರ್ ತನ್ನ ಮನೆಯ ಲೆಕ್ಕಕ್ಕೆ ಬೇಕಾದ ಮೊತ್ತವನ್ನು ನಿಮ್ಮ ಆದಾಯ ಸೇರಿಸದೇ ದಾಟಬೇಕು. ಭಾವ ಮದುವೆಯಾಗದವರಾಗಿದ್ದರೆ ಅವರು ಮತ್ತು ನಿಮ್ಮ ಹೆಂಡತಿ ಸೇರಿ ಇಬ್ಬರು, 30 ಸಾವಿರ ಸಾಕು. ಅವರಿಗೆ ಹೆಂಡತಿ, ಮಗು ಇದ್ದರೆ ನಾಲ್ವರು, ಆಗ ಸಾಲದು. ನಿಮ್ಮ 18 ಸಾವಿರ ಅಲ್ಲಿ ಸಹಾಯಕ್ಕೆ ಬರುವುದಿಲ್ಲ.

ಜಾಯಿಂಟ್ ಸ್ಪಾನ್ಸರ್ ಸಿಕ್ಕಿದ್ರು. ಇನ್ನು ನಾನು ಫಾರ್ಮ್ ತುಂಬೋದು ಬೇಡ ಅಲ್ವಾ?

ಬೇಕು. ಕೆಲಸವೇ ಇಲ್ಲದ ವಿದ್ಯಾರ್ಥಿಯಾಗಿದ್ದರೂ, ಆದಾಯದ ಜಾಗದಲ್ಲಿ ಸೊನ್ನೆ ಬರೆಯಬೇಕಾಗಿ ಬಂದರೂ ನಿಮ್ಮ ಐ-864 ಇರಲೇಬೇಕು. ಜಾಯಿಂಟ್ ಸ್ಪಾನ್ಸರ್ ನಿಮ್ಮ ಜಾಗಕ್ಕೆ ಬರುವವರಲ್ಲ, ಪಕ್ಕದಲ್ಲಿ ನಿಲ್ಲುವವರು. ಸಂದರ್ಶನಕ್ಕೆ ಮುಂಚೆ ಕಾಗದಪತ್ರ ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರ್‌ನಿಂದ, ಅಂದರೆ ಎನ್‌ವಿಸಿಯಿಂದ, ಫೈಲ್ ವಾಪಸ್ ಬರಲು ಇದೊಂದು ದೊಡ್ಡ ಕಾರಣ. ಐ-864ಇಜಡ್ ಎಂಬ ಚಿಕ್ಕ ಫಾರ್ಮ್ ಕಂಡು ಆಸೆ ಪಡಬೇಡಿ. ಅದು ಸ್ವಂತ ಸಂಬಳ ಅಥವಾ ಪಿಂಚಣಿಯಲ್ಲೇ ಮಿತಿ ದಾಟುವವರಿಗೆ.

## ಯಾರು ಆಗಬಹುದು, ಯಾರು ಆಗಬಾರದು

ನನ್ನ ಅಣ್ಣ ಹೆಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ, ಒಂದೂವರೆ ಲಕ್ಷ ಡಾಲರ್ ಸಂಬಳ. ಅವನು ಆಗಬಹುದಾ?

ಜಾಯಿಂಟ್ ಸ್ಪಾನ್ಸರ್ ಆಗಲು ಆಗುವುದಿಲ್ಲ. ಅಮೆರಿಕದ ಪೌರರು ಅಥವಾ ಗ್ರೀನ್ ಕಾರ್ಡ್ ಇರುವವರು ಮಾತ್ರ. ವಯಸ್ಸು 18 ದಾಟಿರಬೇಕು, ವಾಸ ಅಮೆರಿಕದಲ್ಲೇ ಇರಬೇಕು. ನಮ್ಮವರಿಗೆ ಇದು ಬಹಳ ಬೇಸರದ ವಿಷಯ. ಹತ್ತು ವರ್ಷದಿಂದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು, ತೆರಿಗೆ ಕಟ್ಟಿ, ಮನೆ ಕೊಂಡವರಿಗೂ ಈ ಹಕ್ಕಿಲ್ಲ.

ಆದರೆ ಅಣ್ಣ ನಿಮ್ಮ ಜೊತೆ ಒಂದೇ ಮನೆಯಲ್ಲಿ ಇದ್ದರೆ ಬೇರೆ ದಾರಿ ಇದೆ. ಮುಂದಿನ ಭಾಗದಲ್ಲಿ ಹೇಳಿದ್ದೇನೆ.

ನೆಂಟರೇ ಆಗಬೇಕಾ? ಗೆಳೆಯ ಆಗಲ್ವಾ?

ಗೆಳೆಯ ಆಗಬಹುದು. ರಕ್ತಸಂಬಂಧ ಬೇಕಿಲ್ಲ. ಆದರೆ ಸಂದರ್ಶನದಲ್ಲಿ ಅಧಿಕಾರಿ ಒಮ್ಮೊಮ್ಮೆ ಕೇಳುತ್ತಾರೆ: ಇವರು ಯಾರು, ನಿಮಗೋಸ್ಕರ ಯಾಕೆ ಸಹಿ ಹಾಕಿದರು? ಬರುವವರಿಗೆ ಜಾಯಿಂಟ್ ಸ್ಪಾನ್ಸರ್ ಹೆಸರು, ಊರು, ಕೆಲಸ, ಪರಿಚಯ ಹೇಗೆ ಎಂಬುದು ಬಾಯಲ್ಲಿರಬೇಕು.

ನಮ್ಮೂರ ಕನ್ನಡ ಕೂಟದಿಂದ, ಇಲ್ಲಾ ನನ್ನ ಕಂಪನಿಯಿಂದ ಪತ್ರ ತಂದ್ರೆ?

ನಡೆಯುವುದಿಲ್ಲ. ಸ್ಪಾನ್ಸರ್ ಒಬ್ಬ ಮನುಷ್ಯನೇ ಆಗಿರಬೇಕು. ಕೂಟದ ಅಧ್ಯಕ್ಷರು ಬೇಕಾದರೆ ತಮ್ಮ ಸ್ವಂತ ಹೆಸರಲ್ಲಿ, ತಮ್ಮ ಸ್ವಂತ ಸಂಬಳದ ಮೇಲೆ ಸಹಿ ಹಾಕಬಹುದು.

ಇಬ್ಬರು ಜಾಯಿಂಟ್ ಸ್ಪಾನ್ಸರ್ ಹಾಕಬಹುದಾ?

ಬರುವ ಒಬ್ಬ ವ್ಯಕ್ತಿಗೆ ಒಬ್ಬರೇ. ಒಂದೇ ಕೇಸಿನಲ್ಲಿ ಸಂಗಾತಿಯ ಜೊತೆ ಮಕ್ಕಳೂ ಬರುತ್ತಿದ್ದರೆ ಅವರನ್ನು ಇಬ್ಬರು ಸ್ಪಾನ್ಸರ್‌ಗಳ ನಡುವೆ ಹಂಚಬಹುದು. ಗ್ರೀನ್ ಕಾರ್ಡ್ ಇರುವವರು ಕುಟುಂಬ ಕರೆಸುವ ಎಫ್2ಎ ವರ್ಗದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಪೌರರ ಸಂಗಾತಿಯ ಕೇಸಿನಲ್ಲಿ ಪ್ರತಿ ಮಗುವಿಗೂ ಪಿಟಿಷನ್ನೇ ಬೇರೆ.

## ಜಾಯಿಂಟ್ ಸ್ಪಾನ್ಸರ್ ಇಲ್ಲದೇ ಆಗುತ್ತಾ?

ಇನ್ನೊಬ್ಬರ ಮನೆ ಬಾಗಿಲು ತಟ್ಟುವ ಮೊದಲು ಈ ಭಾಗ ಓದಿ. ತಟ್ಟಿದ ಅರ್ಧದಷ್ಟು ಜನಕ್ಕೆ ತಟ್ಟುವ ಅಗತ್ಯವೇ ಇರಲಿಲ್ಲ ಅಂತ ನನಗೆ ಅನಿಸಿದ್ದುಂಟು.

ಸಂಬಳ ಕಮ್ಮಿ, ಆದ್ರೆ ಬ್ಯಾಂಕಲ್ಲಿ ದುಡ್ಡಿದೆ. ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಅಮೆರಿಕದ ಪೌರರು ಸಂಗಾತಿಯನ್ನು ಕರೆಸುವಾಗ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಿದರೆ ಸಾಕು. ಗ್ರೀನ್ ಕಾರ್ಡ್ ಇರುವವರಾದರೆ ಐದು ಪಟ್ಟು. ನೀವು ಪೌರರು, ಆದಾಯ 20,000 ಡಾಲರ್, ಬೇಕಾದ್ದು 26,437. ಕೊರತೆ 6,437. ಮೂರರಿಂದ ಗುಣಿಸಿದರೆ 19,311. ಅಷ್ಟು ಉಳಿತಾಯ ಇದ್ದರೆ ಚಿಕ್ಕಪ್ಪನಿಗೆ ಫೋನ್ ಮಾಡಬೇಕಾಗಿಯೇ ಇಲ್ಲ!

ಬರುವ ಸಂಗಾತಿಯ ಆಸ್ತಿಯನ್ನೂ ಸೇರಿಸಬಹುದು. ಮೈಸೂರಿನ ಸೈಟು, ಬೆಂಗಳೂರಿನ ಫ್ಲ್ಯಾಟು, ಬ್ಯಾಂಕಿನ ಎಫ್‌ಡಿ ಎಲ್ಲವೂ ಆಸ್ತಿಯೇ. ಎರಡು ಷರತ್ತು. ಒಂದು, ವರ್ಷದೊಳಗೆ ನಗದು ಮಾಡುವಂತಿರಬೇಕು. ಎರಡು, ಆ ಹಣವನ್ನು ಭಾರತದಿಂದ ಹೊರಗೆ ತರಲು ಆಗುತ್ತದೆ ಎಂದು ತೋರಿಸಬೇಕು. ಭಾರತದ ನಿವಾಸಿಗಳು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ವರೆಗೆ ಹೊರಗೆ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುತ್ತದೆ. ಹಾಗಾಗಿ ಇದು ಅಸಾಧ್ಯವಾದ ಮಾತಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಸೈಟಿಗಿಂತ ಎಫ್‌ಡಿ ಮೇಲು. ಸೈಟಿಗೆ ಮೌಲ್ಯಮಾಪನ ಬೇಕು, ಸಾಲ ಇದ್ದರೆ ಕಳೆಯಬೇಕು, ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಕತೆ ಮುಗಿಯುವುದೇ ಇಲ್ಲ. ಕಾರಿನ ಬೆಲೆ ಹಾಕುವವರೂ ಇದ್ದಾರೆ. ಓಡಾಟಕ್ಕೆ ಇನ್ನೊಂದು ಓಡುವ ಕಾರು ಇದ್ದರೆ ಮಾತ್ರ ಅದು ಲೆಕ್ಕಕ್ಕೆ.

ನಾನು ಅಪ್ಪ ಅಮ್ಮನ ಜೊತೆಗೇ ಇದ್ದೀನಿ. ಅಪ್ಪನ ಸಂಬಳ ಸೇರಿಸಬಹುದಾ?

ಸೇರಿಸಬಹುದು, ಇದು ಒಳ್ಳೆಯ ದಾರಿ. ಒಂದೇ ಮನೆಯಲ್ಲಿ ವಾಸವಿರುವ ತಂದೆ, ತಾಯಿ, ಅಣ್ಣ, ತಂಗಿ, 18 ದಾಟಿದ ಮಕ್ಕಳು ಐ-864ಎ ಎಂಬ ಫಾರ್ಮಿಗೆ ಸಹಿ ಹಾಕಿದರೆ ಅವರ ಆದಾಯ ನಿಮ್ಮದರ ಜೊತೆ ಕೂಡುತ್ತದೆ. ಜಾಯಿಂಟ್ ಸ್ಪಾನ್ಸರ್ ಆದಾಯವನ್ನು ನಿಮ್ಮದರ ಜೊತೆ ಕೂಡಿಸುವಂತಿಲ್ಲ, ಇಲ್ಲಿ ಕೂಡಿಸಬಹುದು. ಜಾಯಿಂಟ್ ಸ್ಪಾನ್ಸರ್‌ಗೆ ಇರುವ ಪೌರತ್ವ ಅಥವಾ ಗ್ರೀನ್ ಕಾರ್ಡ್ ಷರತ್ತು ಐ-864ಎಗೆ ಇಲ್ಲ. ಒಂದೇ ಸೂರಿನ ಕೆಳಗಿರುವ ಹೆಚ್-1ಬಿ ಅಣ್ಣ ಇಲ್ಲಿ ಕೆಲಸಕ್ಕೆ ಬರುತ್ತಾನೆ. ಆದಾಯ ಕಾನೂನುಬದ್ಧವಾಗಿರಬೇಕು, ಒಟ್ಟಿಗೆ ವಾಸದ ದಾಖಲೆ ಇರಬೇಕು. ಅವರನ್ನು ತಲೆ ಎಣಿಕೆಗೂ ಸೇರಿಸಬೇಕು ಎಂಬುದನ್ನು ಮರೆಯಬೇಡಿ. ಹೊಣೆ ಅವರ ಮೇಲೂ ಬೀಳುತ್ತದೆ.

ನನ್ನ ಹೆಂಡತಿ ಬೆಂಗಳೂರಲ್ಲಿ ನನಗಿಂತ ಜಾಸ್ತಿ ದುಡೀತಾಳೆ. ಆ ಸಂಬಳ?

ಅಮೆರಿಕಕ್ಕೆ ಬಂದ ಮೇಲೂ ಅದೇ ಮೂಲದಿಂದ ಅದೇ ಆದಾಯ ಮುಂದುವರಿಯುವುದಾದರೆ ಮಾತ್ರ. ರಾಜೀನಾಮೆ ಕೊಟ್ಟು ಬರುವವರ ಸಂಬಳ ಎಷ್ಟಿದ್ದರೂ ಸೊನ್ನೆ. ಅವರ ಉಳಿತಾಯವನ್ನು ಆಸ್ತಿ ಎಂದು ತೋರಿಸುವುದೇ ಸರಿ.

## ಕಾಗದ ಪತ್ರ

ಭಾವ ಒಪ್ಪಿದ್ದಾರೆ. ಅವರ ಹತ್ತಿರ ಏನೇನು ಕೇಳಬೇಕು?

ಸಹಿ ಮಾಡಿದ ಐ-864. ಪೌರತ್ವ ಅಥವಾ ಗ್ರೀನ್ ಕಾರ್ಡ್ ದಾಖಲೆ: ಪಾಸ್‌ಪೋರ್ಟ್, ನ್ಯಾಚುರಲೈಸೇಷನ್ ಸರ್ಟಿಫಿಕೇಟ್, ಇಲ್ಲವೇ ಕಾರ್ಡಿನ ಎರಡೂ ಬದಿ. ಇತ್ತೀಚಿನ ವರ್ಷದ ತೆರಿಗೆ ದಾಖಲೆ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ಟ್ರಾನ್ಸ್‌ಕ್ರಿಪ್ಟ್ (ರಿಟರ್ನ್‌ನ ಸಾರಾಂಶ) ಉತ್ತಮ, ಅದು ಪುಕ್ಕಟೆ ಸಿಗುತ್ತದೆ. ಅದರ ಬದಲು 1040 ರಿಟರ್ನ್ ಕೊಟ್ಟರೆ ಜೊತೆಗೆ ಸಂಬಳದ ಡಬ್ಲ್ಯೂ-2 ಅಥವಾ ಇತರ ಆದಾಯದ 1099 ಚೀಟಿ ಬೇಕು. ಕಳೆದ ಆರು ತಿಂಗಳ ಪೇ ಸ್ಟಬ್ (ಸಂಬಳದ ಚೀಟಿ) ಮತ್ತು ಕಂಪನಿಯ ಪತ್ರ ಇದ್ದರೆ ಫೈಲ್ ಗಟ್ಟಿಯಾಗುತ್ತದೆ. ಹೋದ ವರ್ಷ ಕೆಲಸ ಇರಲಿಲ್ಲ, ಈ ವರ್ಷ ಸಿಕ್ಕಿದೆ ಎನ್ನುವವರಿಗಂತೂ ಇವು ಬೇಕೇ ಬೇಕು, ಯಾಕೆಂದರೆ ನೋಡುವುದು ಈಗಿನ ಆದಾಯವನ್ನು.

ಸ್ವಂತ ವ್ಯಾಪಾರ ಇರುವವರನ್ನು ಕೇಳುವಾಗ ಹುಷಾರು. ಅಂಗಡಿ ಭರ್ಜರಿ ನಡೆಯುತ್ತಿರಬಹುದು. ಆದರೆ ಖರ್ಚೆಲ್ಲ ಕಳೆದು ರಿಟರ್ನ್‌ನಲ್ಲಿ ಉಳಿಯುವುದು ಎಷ್ಟೋ ಸಲ 15 ಸಾವಿರ. ಅಧಿಕಾರಿ ನೋಡುವುದು ಆ 15 ಸಾವಿರವನ್ನು.

ತೆರಿಗೆ ಕಾಗದ ನಮ್ಮ ಕೈಗೆ ಕೊಡೋಕೆ ಅವರಿಗೆ ಸಂಕೋಚ. ಏನ್ ಮಾಡೋದು?

ಸಂಕೋಚ ಸಹಜ. ಸಂಬಳ, ಸೋಷಿಯಲ್ ಸೆಕ್ಯುರಿಟಿ ನಂಬರ್ ಎಲ್ಲ ನೆಂಟರ ಕೈಗೆ ಹೋಗುತ್ತದೆ ಅಂದರೆ ಯಾರಿಗೂ ಕಸಿವಿಸಿ. ನಾನು ಮಾಡಿದ್ದು ಹೀಗೆ: ಗೆಳೆಯ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದ, ನಾನೇ ಕೂತು ಫೈಲುಗಳನ್ನು ಸರಕಾರದ ಪೋರ್ಟಲ್‌ಗೆ ಏರಿಸಿದೆ, ಕಾಫಿ ಕುಡಿದು ಹೊರಟ. ವಾಟ್ಸಾಪ್‌ನಲ್ಲಿ ಕಳಿಸುವ ಗೋಜಿಗೆ ಹೋಗಲಿಲ್ಲ.

ಅವರು ಗಂಡ ಹೆಂಡತಿ ಒಟ್ಟಿಗೇ ಟ್ಯಾಕ್ಸ್ ಕಟ್ತಾರೆ. ಇಬ್ಬರೂ ಸಹಿ ಹಾಕಬೇಕಾ?

ಒಬ್ಬರ ಸಂಬಳವೇ ಸಾಕಾದರೆ ಒಬ್ಬರ ಸಹಿ ಸಾಕು. ಆಗ ಜಂಟಿ ರಿಟರ್ನ್‌ನಲ್ಲಿ ಅವರ ಪಾಲು ಯಾವುದು ಎಂದು ಡಬ್ಲ್ಯೂ-2ನಿಂದ ತೋರಿಸಬೇಕು. ಇಬ್ಬರದೂ ಸೇರಿದರೆ ಮಾತ್ರ ಮಿತಿ ದಾಟುವುದಾದರೆ ಇನ್ನೊಬ್ಬರು ಐ-864ಎಗೆ ಸಹಿ ಹಾಕಬೇಕು. ಸಹಿ ಒಬ್ಬರದೇ ಆದರೂ ಮಾತು ಇಬ್ಬರ ಹತ್ತಿರವೂ ಆಡಿ. ಗಂಡ ಹೂಂ ಅಂದು, ಹೆಂಡತಿಗೆ ಆರು ತಿಂಗಳ ಮೇಲೆ ಗೊತ್ತಾದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಎರಡು ಫಾರ್ಮ್‌ಗೆ ಎರಡು ಸಲ ಫೀಸ್ ಕಟ್ಟಬೇಕಾ? ನೋಟರಿ ಬೇಕಾ?

ಎರಡೂ ಬೇಡ. ಎನ್‌ವಿಸಿಗೆ ಕೇಸಿಗೊಂದು ಸಲ 120 ಡಾಲರ್ ಅಫಿಡವಿಟ್ ಫೀಸ್, ಬರುವ ಪ್ರತಿಯೊಬ್ಬರಿಗೆ 325 ಡಾಲರ್ ವೀಸಾ ಅರ್ಜಿ ಫೀಸ್, ಅಷ್ಟೆ. ಸಹಿ ಮಾತ್ರ ಪೆನ್ನಿನಲ್ಲಿ ಮಾಡಿ ಸ್ಕ್ಯಾನ್ ಮಾಡಿ. ಕೀಲಿಮಣೆಯಲ್ಲಿ ಹೆಸರು ಟೈಪ್ ಮಾಡಿದರೆ ಅದು ಸಹಿಯಲ್ಲ.

## ಪಿಟಿಷನ್ ಹಾಕಿದವರೇ ಊರಲ್ಲಿದ್ದರೆ

ನಾನು ಅಮೆರಿಕದಲ್ಲಿ ಹುಟ್ಟಿದ್ದು, ಬೆಳೆದದ್ದು ಮೈಸೂರು. ಈಗ ಹೆಂಡತಿ ಜೊತೆ ಇಲ್ಲೇ ಇದ್ದೀನಿ. ಜಾಯಿಂಟ್ ಸ್ಪಾನ್ಸರ್ ಇದ್ರೆ ಸಾಕಲ್ವಾ?

ಸಾಲದು. ಪಿಟಿಷನ್ ಹಾಕಿದವರ ಖಾಯಂ ನೆಲೆ ಅಮೆರಿಕದಲ್ಲಿರಬೇಕು. ಇಲ್ಲವಾದರೆ ಸಂಗಾತಿಯ ಜೊತೆಗೋ ಅದಕ್ಕೂ ಮುಂಚೆಯೋ ಹೋಗಿ ಅಲ್ಲಿ ನೆಲೆಸುತ್ತೇನೆ ಎಂಬುದಕ್ಕೆ ಗಟ್ಟಿ ದಾಖಲೆ ಬೇಕು. ಈ ಕೊರತೆಯನ್ನು ಕೋಟ್ಯಧಿಪತಿ ಜಾಯಿಂಟ್ ಸ್ಪಾನ್ಸರ್ ಕೂಡ ತುಂಬಲಾರರು. ನೆಲೆ ಇಲ್ಲದ ಪಿಟಿಷನರ್ ಸ್ಪಾನ್ಸರ್ ಆಗಲಾರ. ಮೂಲ ಸ್ಪಾನ್ಸರ್ ಇಲ್ಲದೆ ಜಾಯಿಂಟ್ ಸ್ಪಾನ್ಸರ್ ಎಲ್ಲಿಂದ ಬಂದಾರು?

ದಾಖಲೆ ಅಂದರೆ ಅಲ್ಲಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು ಅಥವಾ ನೆಂಟರ ಮನೆಯಲ್ಲಿ ಇಳಿಯುವ ಬಗ್ಗೆ ಪತ್ರ, ಕೆಲಸದ ಆಫರ್ ಅಥವಾ ಹುಡುಕುತ್ತಿರುವ ಪುರಾವೆ, ಮಕ್ಕಳ ಶಾಲೆ ವಿಚಾರಣೆ, ಮತದಾರರ ನೋಂದಣಿ. ಒಂದರಿಂದ ಆಗುವುದಿಲ್ಲ, ನಾಲ್ಕೈದು ಸೇರಿದರೆ ಚಿತ್ರ ಮೂಡುತ್ತದೆ. ಕೆಲವರು ಸಂಗಾತಿಗಿಂತ ಎರಡು ಮೂರು ತಿಂಗಳು ಮೊದಲೇ ಹೋಗಿ ಕೆಲಸ ಹಿಡಿಯುತ್ತಾರೆ. ಆಗ ನೆಲೆಯೂ ಆಯಿತು, ಆದಾಯವೂ ಆಯಿತು.

ಅಮೆರಿಕದ ಟ್ಯಾಕ್ಸ್ ರಿಟರ್ನ್ ಯಾವತ್ತೂ ಹಾಕೇ ಇಲ್ಲ. ತೊಂದರೆ ಆಗುತ್ತಾ?

ಅಮೆರಿಕದ ಪೌರರು ಪ್ರಪಂಚದಲ್ಲಿ ಎಲ್ಲೇ ದುಡಿದರೂ, ಆದಾಯ ಮಿತಿ ದಾಟಿದರೆ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ಊರಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಗೊತ್ತಿಲ್ಲದೆ ತಪ್ಪಿದವರಿಗಾಗಿ ಐಆರ್‌ಎಸ್‌ನ ಸ್ಟ್ರೀಮ್‌ಲೈನ್ಡ್ ವ್ಯವಸ್ಥೆ ಇದೆ: ಹಿಂದಿನ 3 ವರ್ಷದ ರಿಟರ್ನ್, 6 ವರ್ಷದ ವಿದೇಶಿ ಬ್ಯಾಂಕ್ ಖಾತೆ ವರದಿ. ತೆರಿಗೆ ಕಟ್ಟಬೇಕಾಗಿ ಬರುವುದು ಕಮ್ಮಿ, ಕಾಗದದ ಕೆಲಸ ಜಾಸ್ತಿ. ಸಂದರ್ಶನಕ್ಕೆ ಮುಂಚೆ ಮುಗಿಸಿ. ಆದಾಯ ಮಿತಿಗಿಂತ ಕೆಳಗಿದ್ದು ರಿಟರ್ನ್ ಹಾಕುವ ಅಗತ್ಯವೇ ಇರಲಿಲ್ಲ ಎಂದಾದರೆ ಹಾಗೆಂದು ಒಂದು ಪತ್ರ ಲಗತ್ತಿಸಿ.

## ಸಂದರ್ಶನದ ದಿನ

ಎಲ್ಲ ಸರಿ ಇದ್ದೂ ಮುಂಬೈಯ ಅಮೆರಿಕ ಕಾನ್ಸುಲೇಟ್‌ನಲ್ಲಿ ವೀಸಾ ನಿಲ್ಲಿಸಬಹುದಾ?

ಬಹುದು. ಐ-864 ಕನಿಷ್ಠ ಅಗತ್ಯ ಮಾತ್ರ. ಅಧಿಕಾರಿ ಬರುವವರ ವಯಸ್ಸು, ಆರೋಗ್ಯ, ಓದು, ಕೆಲಸದ ಅನುಭವ, ಆಸ್ತಿ ಎಲ್ಲವನ್ನೂ ಸೇರಿಸಿ ತೂಗುತ್ತಾರೆ. ಜಾಯಿಂಟ್ ಸ್ಪಾನ್ಸರ್ ನಿಜಕ್ಕೂ ಬೆನ್ನಿಗೆ ನಿಲ್ಲುತ್ತಾರಾ ಎಂಬ ಅನುಮಾನ ಬಂದರೆ ಪ್ರಶ್ನೆ ಜಾಸ್ತಿಯಾಗುತ್ತದೆ.

ಹೆಚ್ಚಿನ ಸಲ ಕೈಗೆ ಬರುವುದು 221(ಜಿ) ಚೀಟಿ. ಅದು ಬಾಗಿಲು ಮುಚ್ಚಿದ ಹಾಗಲ್ಲ, ಕೇಳಿದ ಕಾಗದ ತನ್ನಿ ಎಂದರ್ಥ. ಒಂದು ವರ್ಷದೊಳಗೆ ಕೊಡಬೇಕು. ಆ ಹೊತ್ತಿಗೆ ಹೊಸ ಜಾಯಿಂಟ್ ಸ್ಪಾನ್ಸರ್ ಹುಡುಕಿ ಕೊಟ್ಟರೂ ನಡೆಯುತ್ತದೆ. ಎನ್‌ವಿಸಿ ಹಂತ ದಾಟಿ ತಿಂಗಳುಗಳು ಕಳೆದಿದ್ದರೆ ಹೊಸ ಪೇ ಸ್ಟಬ್, ಹೊಸ ವರ್ಷದ ಟ್ರಾನ್ಸ್‌ಕ್ರಿಪ್ಟ್ ಕೈಯಲ್ಲಿ ಹಿಡಿದೇ ಹೋಗಿ.

## ಸಹಿ ಹಾಕುವವರು ಕೇಳುವುದು

ನಾಳೆ ಅವರು ಸಾಲ ಮಾಡಿದ್ರೆ ನಾನು ತೀರಿಸಬೇಕಾ?

ಇಲ್ಲ. ಕ್ರೆಡಿಟ್ ಕಾರ್ಡ್ ಬಾಕಿ, ಕಾರಿನ ಸಾಲ, ಮನೆ ಬಾಡಿಗೆಗೆ ನೀವು ಹೊಣೆಯಲ್ಲ. ಹೊಣೆ ಎರಡು ಕಡೆಯಿಂದ ಬರಬಹುದು.

ಮೊದಲನೆಯದು ಸರಕಾರ. ಬಂದವರು ಆದಾಯ ನೋಡಿ ಕೊಡುವ ನೆರವು ಪಡೆದರೆ, ಅಂದರೆ ಮೆಡಿಕೇಡ್, ಫುಡ್ ಸ್ಟ್ಯಾಂಪ್, ಎಸ್‌ಎಸ್‌ಐ, ಟ್ಯಾನ್ಫ್ ಇಂಥವು, ಆ ಹಣವನ್ನು ಸ್ಪಾನ್ಸರ್‌ಗಳಿಂದ ಕೇಳಬಹುದು. ತುರ್ತು ಚಿಕಿತ್ಸೆ, ಲಸಿಕೆ, ಶಾಲೆಯ ಊಟ ಇದರಲ್ಲಿ ಬರುವುದಿಲ್ಲ. ಹೊಸ ಗ್ರೀನ್ ಕಾರ್ಡ್‌ನವರಿಗೆ ಇಂಥ ಫೆಡರಲ್ ನೆರವು ಸಾಮಾನ್ಯವಾಗಿ ಮೊದಲ ಐದು ವರ್ಷ ಸಿಗುವುದೇ ಇಲ್ಲ, ಹಾಗಾಗಿ ಈ ಅಪಾಯ ಸಣ್ಣದು.

ಎರಡನೆಯದು ಬಂದವರೇ. ಅವರು ಸ್ಪಾನ್ಸರ್ ಮೇಲೆ ದಾವೆ ಹೂಡಿ ಬಡತನ ರೇಖೆಯ ಶೇಕಡಾ 125ರ ಮಟ್ಟಕ್ಕೆ ತಮ್ಮನ್ನು ಸಾಕಬೇಕು ಎಂದು ಕೇಳಬಹುದು. ಒಬ್ಬರ ಲೆಕ್ಕದಲ್ಲಿ ವರ್ಷಕ್ಕೆ 19,562 ಡಾಲರ್, ಅದರಲ್ಲಿ ಅವರ ಸ್ವಂತ ಆದಾಯ ಕಳೆದು ಉಳಿದದ್ದು. ಮೊದಲು ಪಿಟಿಷನರ್ ಹತ್ತಿರ ಕೇಳಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಎಂಬ ನಿಯಮ ಇಲ್ಲ. ಇಬ್ಬರ ಮೇಲೂ ಪೂರ್ತಿ ಹೊಣೆ.

ಅವರಿಬ್ಬರ ಡಿವೋರ್ಸ್ ಆದ್ರೆ ನನ್ನ ಹೊಣೆ ಮುಗೀತಲ್ಲ?

ಮುಗಿಯುವುದಿಲ್ಲ. ಸಹಿ ಹಾಕುವವರು ತಿಳಿದಿರಲೇಬೇಕಾದ ಉತ್ತರ ಇದೇ. ಮದುವೆ ಮುರಿದರೂ ಐ-864 ಮುರಿಯುವುದಿಲ್ಲ. ಮದುವೆಗೆ ಮುಂಚೆ ಜೀವನಾಂಶ ಕೇಳುವುದಿಲ್ಲ ಎಂದು ಬರೆದುಕೊಟ್ಟಿದ್ದರೂ ಈ ಹೊಣೆ ಹಾಗೇ ಇರುತ್ತದೆ ಎಂದು 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಹೇಳಿತು. ಬಂದವರು ಕೆಲಸ ಹುಡುಕಲು ಪ್ರಯತ್ನ ಪಡಲಿಲ್ಲ ಎಂಬ ವಾದವನ್ನೂ 2012ರಲ್ಲಿ ಏಳನೇ ಸರ್ಕ್ಯೂಟ್ ಒಪ್ಪಲಿಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ: ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ. ಒರಟು ಮಾತು, ಆದರೆ ಈ ಫಾರ್ಮಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಬಹುದು. ಆ ಜೋಡಿಯನ್ನು ನೀವು ಬಲ್ಲಿರಾ, ಬಂದವರು ತಮ್ಮ ಕಾಲ ಮೇಲೆ ನಿಲ್ಲುವಂಥವರಾ ಎಂದು ಯೋಚಿಸಿ. ಬೇಡ ಅನಿಸಿದರೆ ಅವತ್ತೇ ಹೇಳಿಬಿಡಿ.

ಹಾಗಾದ್ರೆ ಯಾವಾಗ ಮುಗಿಯುತ್ತೆ?

ಬಂದವರು ಪೌರತ್ವ ಪಡೆದಾಗ, ಸೋಷಿಯಲ್ ಸೆಕ್ಯುರಿಟಿಯಲ್ಲಿ 40 ಕ್ವಾರ್ಟರ್ ಕೆಲಸ ಲೆಕ್ಕಕ್ಕೆ ಬಂದಾಗ, ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆದಾಗ, ಅಥವಾ ತೀರಿಕೊಂಡಾಗ. 40 ಕ್ವಾರ್ಟರ್ ಅಂದರೆ ಸುಮಾರು 10 ವರ್ಷದ ದುಡಿಮೆ. ಮದುವೆ ಉಳಿದಿದ್ದರೆ ಆ ಅವಧಿಯಲ್ಲಿ ಸಂಗಾತಿ ದುಡಿದ ಕ್ವಾರ್ಟರ್‌ಗಳೂ ಕೂಡುತ್ತವೆ, ಹಾಗಾಗಿ ಬೇಗ ಮುಗಿಯಬಹುದು. ಪೌರರ ಜೊತೆ ಸಂಸಾರ ಮಾಡುತ್ತಿರುವವರು ಗ್ರೀನ್ ಕಾರ್ಡ್ ಬಂದು 3 ವರ್ಷಕ್ಕೆ ಪೌರತ್ವಕ್ಕೆ ಅರ್ಹರು. ಅವರಿಗೆ ಅದನ್ನು ಆಗಾಗ ನೆನಪಿಸುವುದರಲ್ಲಿ ತಪ್ಪಿಲ್ಲ. ನಾನಂತೂ ಪ್ರತಿ ಯುಗಾದಿಗೆ ಫೋನ್ ಮಾಡಿ ಬೇವು ಬೆಲ್ಲದ ಜೊತೆ ಅದನ್ನೂ ಕೇಳುತ್ತಿದ್ದೆ.

ಸಹಿ ಹಾಕಿಬಿಟ್ಟೆ, ಈಗ ಮನಸ್ಸು ಬದಲಾಗಿದೆ. ವಾಪಸ್ ತಗೋಬಹುದಾ?

ವೀಸಾ ಕೊಡುವ ಮುಂಚೆ ಬರವಣಿಗೆಯಲ್ಲಿ ತಿಳಿಸಿದರೆ ಆಗುತ್ತದೆ. ಬರುವವರು ವೀಸಾ ಹಿಡಿದು ದೇಶದೊಳಗೆ ಕಾಲಿಟ್ಟು ಗ್ರೀನ್ ಕಾರ್ಡ್‌ನವರಾದ ಮೇಲೆ ಆಗುವುದಿಲ್ಲ.

ನಾನೇ ರಿಟೈರ್ ಆಗಿ ಶಿವಮೊಗ್ಗಕ್ಕೆ ಹೋಗ್ತೀನಿ. ಆಗ?

ಹೊಣೆ ನಿಮ್ಮ ಜೊತೆಗೇ ಬರುತ್ತದೆ. ಜೊತೆಗೆ ಒಂದು ಸಣ್ಣ ಕೆಲಸ: ಹೊಣೆ ಇರುವ ತನಕ ವಿಳಾಸ ಬದಲಾದಾಗಲೆಲ್ಲ 30 ದಿನದೊಳಗೆ ಫಾರ್ಮ್ ಐ-865 ಕಳಿಸಬೇಕು. ತಪ್ಪಿದರೆ 250ರಿಂದ 2,000 ಡಾಲರ್ ದಂಡ. ಬಂದವರು ಸರಕಾರಿ ನೆರವು ಪಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ 5,000ದ ವರೆಗೂ ಹೋಗುತ್ತದೆ.

ನಾನು ಸತ್ತರೆ ನನ್ನ ಮಕ್ಕಳ ಮೇಲೆ ಬರುತ್ತಾ?

ಮಕ್ಕಳ ಮೇಲೆ ಬರುವುದಿಲ್ಲ. ನಿಮ್ಮ ಹೊಣೆ ಅಲ್ಲಿಗೆ ನಿಲ್ಲುತ್ತದೆ. ಸಾಯುವ ಮುಂಚೆಯೇ ಕೊಡಬೇಕಾಗಿ ಬಂದಿದ್ದ ಬಾಕಿ ಇದ್ದರೆ ಅದನ್ನು ನೀವು ಬಿಟ್ಟುಹೋದ ಆಸ್ತಿಯಿಂದ ಕೇಳಬಹುದು. ಪಿಟಿಷನರ್ ಹೊಣೆ ಮಾತ್ರ ಮುಂದುವರಿಯುತ್ತದೆ.